ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ: 30 ವರ್ಷ ಮೇಲ್ಪಟ್ಟ ಮಹಿಳೆಯರ ಮಾಹಿತಿಗಾಗಿ

1. ಪೀಠಿಕೆ

ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್‌ನ ನಂತರ ಅತಿ ಹೆಚ್ಚಾಗಿ ಕಂಡುಬರುವುದು ಗರ್ಭಕೊರಳಿನ ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ನೇ ಸಾಲಿನ ಅಂದಾಜಿನಂತೆ, ಆ ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗವು ಹೊಸದಾಗಿ ಬಂದಿದ್ದು, ಸುಮಾರು 80 ಸಾವಿರ ಮಹಿಳೆಯರು ಮರಣ ಹೊಂದಿದ್ದಾರೆ. ವಿಷಾದದ ಸಂಗತಿಯೆಂದರೆ, ಕ್ಯಾನ್ಸರ್‌ಗಳ ಪೈಕಿ ಬರುವ ಮೊದಲೇ ಗುರುತಿಸಿ ತಡೆಯಲು ಸಾಧ್ಯವಿರುವ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೂ ಒಂದಾಗಿದೆ.

ಇದಕ್ಕೆ ಬೇಕಾದ ತಪಾಸಣೆಯು ಸರಳವಾದುದು. ಆದರೂ 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷ ವಯಸ್ಸಿನ ಮಹಿಳೆಯರ ಪೈಕಿ ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರು ಶೇಕಡಾ 1.9 ಮಾತ್ರ. ನೆರೆಯ ತಮಿಳುನಾಡಿನಲ್ಲಿ ಈ ಪ್ರಮಾಣವು ಶೇಕಡಾ 9.8 ಇದ್ದರೆ, ಕರ್ನಾಟಕದಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ ಇದ್ದಿತು.

ತಪಾಸಣೆ ಎಂದರೇನು, ಮಹಿಳೆಯರು ಅದರಿಂದ ಹಿಂದೆ ಸರಿಯಲು ಕಾರಣಗಳೇನು, ಆ ಕಾರಣಗಳಲ್ಲಿ ಹುರುಳೆಷ್ಟು ಮತ್ತು ಈ ಸೇವೆಯನ್ನು ಪಡೆಯುವ ಬಗೆ ಹೇಗೆ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ರೋಗದ ಸ್ವರೂಪ

ಗರ್ಭಕೋಶದ ಕೆಳಭಾಗದಲ್ಲಿ, ಯೋನಿಯ ಒಳತುದಿಗೆ ಸೇರಿಕೊಂಡಿರುವ ಕಿರಿದಾದ ಭಾಗವನ್ನು ಗರ್ಭಕೊರಳು ಅಥವಾ ಗರ್ಭಕಂಠ ಎಂದು ಕರೆಯಲಾಗುತ್ತದೆ. ಇಲ್ಲಿ ಉಂಟಾಗುವ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಸಂದರ್ಭಗಳಲ್ಲಿಯೂ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್.ಪಿ.ವಿ. ಎಂಬ ವೈರಾಣುವಿನ ದೀರ್ಘಕಾಲದ ಸೋಂಕು ಕಾರಣವಾಗಿರುತ್ತದೆ. ಇದರ ಅನೇಕ ಬಗೆಗಳ ಪೈಕಿ 16 ಮತ್ತು 18ನೇ ಬಗೆಗಳು ಹೆಚ್ಚು ಅಪಾಯಕಾರಿ. ಈ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು.

ಈ ಸೋಂಕು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ದಾಂಪತ್ಯ ಜೀವನ ನಡೆಸುವ ಬಹುಪಾಲು ಸ್ತ್ರೀಪುರುಷರಿಗೆ ಜೀವನದ ಯಾವುದಾದರೊಂದು ಹಂತದಲ್ಲಿ ಇದು ತಗಲಿರುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಹೊರದೂಡುತ್ತದೆ. ಉಳಿದ ಕೆಲವರಲ್ಲಿ ಮಾತ್ರ ಸೋಂಕು ನೆಲೆಯೂರಿ, ಗರ್ಭಕೊರಳಿನ ಜೀವಕೋಶಗಳಲ್ಲಿ ನಿಧಾನವಾಗಿ ಬದಲಾವಣೆ ಉಂಟುಮಾಡುತ್ತದೆ. ಈ ಬದಲಾವಣೆಯು ಕ್ಯಾನ್ಸರ್ ಆಗಿ ಪರಿಣಮಿಸಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಬೇಕಾಗುತ್ತವೆ. ಎಚ್.ಐ.ವಿ. ಮೊದಲಾದ ಕಾರಣಗಳಿಂದ ನಿರೋಧಕ ಶಕ್ತಿ ಕುಂದಿರುವವರಲ್ಲಿ ಚಿಕಿತ್ಸೆ ಇಲ್ಲದಿದ್ದಲ್ಲಿ 5ರಿಂದ 10 ವರ್ಷಗಳೇ ಸಾಕಾಗಬಹುದು.

ಈ ದೀರ್ಘ ಅವಧಿಯಲ್ಲಿ ಮಹಿಳೆಗೆ ನೋವಾಗಲೀ ರಕ್ತಸ್ರಾವವಾಗಲೀ ಇರುವುದಿಲ್ಲ. ಮನೆಗೆಲಸ, ಹೊಲದ ಕೆಲಸ, ಕಚೇರಿಯ ಕೆಲಸ ಎಲ್ಲವೂ ಎಂದಿನಂತೆ ನಡೆಯುತ್ತಿರುತ್ತವೆ. ತಪಾಸಣೆಯು ಉಪಯುಕ್ತವಾಗುವುದು ಈ ಅವಧಿಯಲ್ಲಿಯೇ. ತೊಂದರೆ ಕಾಣಿಸಿಕೊಂಡ ನಂತರ ನಡೆಯುವುದು ರೋಗಪತ್ತೆ ಮತ್ತು ಚಿಕಿತ್ಸೆ. ತಪಾಸಣೆ ಎಂಬುದು ಆರೋಗ್ಯವಾಗಿರುವವರಿಗಾಗಿಯೇ ಇರುವ ಸೇವೆ.

3. ತಪಾಸಣೆಯ ವಿಧಾನಗಳು

(ಅ) ವಿ.ಐ.ಎ. ಪರೀಕ್ಷೆ: ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ವಿಧಾನವನ್ನು ಅನುಸರಿಸಲಾಗುತ್ತದೆ. ತರಬೇತಿ ಹೊಂದಿದ ಶುಶ್ರೂಷಕಿ ಅಥವಾ ವೈದ್ಯರು ಸ್ಪೆಕ್ಯುಲಮ್ ಎಂಬ ಉಪಕರಣದ ಸಹಾಯದಿಂದ ಗರ್ಭಕೊರಳು ಕಾಣುವಂತೆ ಮಾಡಿ, ಶೇಕಡಾ 3ರಿಂದ 5ರಷ್ಟು ಅಸಿಟಿಕ್ ಆಮ್ಲವಿರುವ ದ್ರಾವಣವನ್ನು ಹತ್ತಿಯಿಂದ ಲೇಪಿಸುತ್ತಾರೆ. ಅಡುಗೆಗೆ ಬಳಸುವ ವಿನೆಗರ್‌ನಲ್ಲಿರುವುದೂ ಇದೇ ಆಮ್ಲ. ಒಂದು ನಿಮಿಷದ ನಂತರ ನೋಡಿದಾಗ, ಬದಲಾವಣೆಗೊಂಡ ಜೀವಕೋಶಗಳಿರುವ ಭಾಗವು ಬೆಳ್ಳಗೆ ಕಾಣುತ್ತದೆ. ಪರೀಕ್ಷೆಯು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕೊಯ್ಯುವುದು, ಅರಿವಳಿಕೆ ಕೊಡುವುದು ಯಾವುದೂ ಇಲ್ಲ. ಸ್ವಲ್ಪ ಉರಿ ಅಥವಾ ಇರುಸುಮುರುಸು ಆಗಬಹುದು. ಫಲಿತಾಂಶವನ್ನು ಅಲ್ಲಿಯೇ ತಿಳಿಸಲಾಗುತ್ತದೆ.

(ಆ) ಪ್ಯಾಪ್ ಸ್ಮಿಯರ್: ಗರ್ಭಕೊರಳಿನಿಂದ ಜೀವಕೋಶಗಳನ್ನು ಮೆಲ್ಲನೆ ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಪ್ರಯೋಗಾಲಯದ ವರದಿಗಾಗಿ ಕೆಲವು ದಿನ ಕಾಯಬೇಕಾಗುತ್ತದೆ.

(ಇ) ಎಚ್.ಪಿ.ವಿ. ಪರೀಕ್ಷೆ: ವೈರಾಣು ಇರುವುದನ್ನು ನೇರವಾಗಿ ಪತ್ತೆಹಚ್ಚುವ ಈ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆಯು 2021ರ ಮಾರ್ಗಸೂಚಿಯಲ್ಲಿ ಆದ್ಯತೆ ನೀಡಿದೆ. ಇದಕ್ಕೆ ಬೇಕಾದ ಮಾದರಿಯನ್ನು ಸೂಕ್ತ ಸೂಚನೆ ಪಡೆದು ಮಹಿಳೆಯೇ ತೆಗೆದುಕೊಡಬಹುದಾಗಿದೆ. ಆದರೆ ಈ ಸೌಲಭ್ಯವು ಎಲ್ಲ ಕಡೆ ಲಭ್ಯವಿರುವುದಿಲ್ಲ.

ಬರಿಗಣ್ಣಿನಿಂದ ನೋಡುವ ವಿ.ಐ.ಎ. ಪರೀಕ್ಷೆಯಿಂದ ಪ್ರಯೋಜನವಿದೆಯೇ ಎಂಬ ಸಂದೇಹಕ್ಕೆ ನಮ್ಮ ದೇಶದಲ್ಲಿಯೇ ನಡೆದ ಎರಡು ಅಧ್ಯಯನಗಳು ಉತ್ತರ ನೀಡಿವೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಶುಶ್ರೂಷಕಿಯರು ಒಂದು ಬಾರಿ ನಡೆಸಿದ ವಿ.ಐ.ಎ. ತಪಾಸಣೆ ಮತ್ತು ಅದರ ನಂತರದ ಚಿಕಿತ್ಸೆಯಿಂದ ಈ ಕ್ಯಾನ್ಸರ್‌ನ ಮರಣ ಪ್ರಮಾಣವು ಶೇಕಡಾ 35ರಷ್ಟು ಕಡಿಮೆಯಾದುದು 2007ರಲ್ಲಿ ವರದಿಯಾಯಿತು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ಸುಮಾರು 1.5 ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ದೀರ್ಘಾವಧಿಯ ಅಧ್ಯಯನದಲ್ಲಿ, ವೈದ್ಯರಲ್ಲದ ಆರೋಗ್ಯ ಕಾರ್ಯಕರ್ತೆಯರು ನಡೆಸಿದ ತಪಾಸಣೆಯಿಂದ ಮರಣ ಪ್ರಮಾಣವು ಶೇಕಡಾ 31ರಷ್ಟು ಇಳಿದಿರುವುದು 2014ರಲ್ಲಿ ಪ್ರಕಟವಾಯಿತು.

4. ತಪಾಸಣೆಯ ಬಗ್ಗೆ ಮಹಿಳೆಯರ ಮನೋಭಾವ

ಕರ್ನಾಟಕವೂ ಸೇರಿದಂತೆ ದೇಶದ ವಿವಿಧೆಡೆ ನಡೆದಿರುವ ಅಧ್ಯಯನಗಳಲ್ಲಿ ಒಂದು ಅಂಶವು ಮತ್ತೆ ಮತ್ತೆ ಕಂಡುಬಂದಿದೆ. ಈ ರೋಗದ ಹೆಸರು ಕೇಳಿರುವವರಿಗಿಂತ, ಅದಕ್ಕೆ ಮುಂಚಿತವಾಗಿ ತಪಾಸಣೆ ಇದೆ ಎಂದು ತಿಳಿದಿರುವವರು ಕಡಿಮೆ. ತಿಳಿದಿರುವವರಿಗಿಂತ, ಮಾಡಿಸಿಕೊಂಡವರು ಇನ್ನೂ ಕಡಿಮೆ. ಆದುದರಿಂದ ಮಾಹಿತಿಯ ಜೊತೆಗೆ ಮನಸ್ಸಿನಲ್ಲಿರುವ ಹಿಂಜರಿಕೆಯನ್ನೂ ಪರಿಶೀಲಿಸುವುದು ಅವಶ್ಯವಾಗಿದೆ. ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಇಂತಿವೆ.

"ನನಗೇನೂ ಆಗಿಲ್ಲವಲ್ಲ, ತಪಾಸಣೆ ಯಾಕೆ?"

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಕಾರಣ ಇದು. ಬಹುಪಾಲು ಮಹಿಳೆಯರು ಆರೋಗ್ಯ ಕೇಂದ್ರಕ್ಕೆ ಬರುವುದು ಬಸಿರು, ಹೆರಿಗೆ, ಮಗುವಿನ ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆಗಳಿಗಾಗಿ. ಅನೇಕರಿಗೆ ಇವೆಲ್ಲವೂ 30 ವರ್ಷದೊಳಗೆ ಮುಗಿದಿರುತ್ತವೆ. ಆಪರೇಷನ್ ಆದ ಮೇಲೆ ಗರ್ಭಕೋಶದ ಚಿಂತೆ ಮುಗಿಯಿತು ಎಂಬ ಭಾವನೆಯೂ ಬೆಳೆಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೊರಳನ್ನು ಮುಟ್ಟುವುದಿಲ್ಲ. ಅದರಿಂದ ಈ ಕ್ಯಾನ್ಸರ್ ವಿರುದ್ಧ ರಕ್ಷಣೆ ದೊರೆಯುವುದಿಲ್ಲ. ಆರೋಗ್ಯ ಕೇಂದ್ರದೊಡನೆ ಸಂಪರ್ಕ ಕಡಿದುಹೋಗುವ ವಯಸ್ಸೇ ತಪಾಸಣೆ ಆರಂಭವಾಗಬೇಕಾದ ವಯಸ್ಸಾಗಿದೆ.

"ನಾಚಿಕೆಯಾಗುತ್ತದೆ."

ಈ ಸಂಕೋಚವು ಸಹಜವಾದುದು. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ತಪಾಸಣೆಯನ್ನು ಮರೆ ಇರುವ ಕೋಣೆಯಲ್ಲಿ ನಡೆಸಬೇಕೆಂಬ ನಿಯಮವಿದೆ. ಪರೀಕ್ಷೆ ಮಾಡುವವರು ಮಹಿಳೆಯೇ ಇರಬೇಕೆಂದು ಬಯಸುವವರು ಮುಂಚಿತವಾಗಿಯೇ ತಿಳಿಸಬಹುದು. ಜೊತೆಗೆ ತಾಯಿ, ಅಕ್ಕ ತಂಗಿ, ಅತ್ತಿಗೆ ಅಥವಾ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಬರಬಹುದು. ಪರೀಕ್ಷೆಯ ಯಾವುದೇ ಹಂತದಲ್ಲಿ ನಿಲ್ಲಿಸುವಂತೆ ಹೇಳುವ ಹಕ್ಕು ಮಹಿಳೆಗೆ ಇರುತ್ತದೆ.

"ಇಂಥ ರೋಗ ಇದೆ ಎಂದರೆ ಜನ ಏನೆಂದುಕೊಂಡಾರು?"

ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಎಂದ ಕೂಡಲೇ ನಡತೆಯ ಬಗ್ಗೆ ಸಂದೇಹಪಡುವುದುಂಟು. ಇದು ತಪ್ಪು. ಜೀವಮಾನದಲ್ಲಿ ಪತಿಯೊಬ್ಬನನ್ನು ಬಿಟ್ಟು ಬೇರೆಯವರ ಸಂಪರ್ಕವಿಲ್ಲದ ಮಹಿಳೆಗೂ ಈ ಸೋಂಕು ತಗಲಬಹುದು. ಅದು ಎಷ್ಟೋ ವರ್ಷಗಳ ಹಿಂದೆ ತಗಲಿದ್ದಿರಬಹುದು. ಯಾರಿಂದ, ಯಾವಾಗ ಎಂದು ಹೇಳಲು ಸಾಧ್ಯವೇ ಇಲ್ಲ. ಫಲಿತಾಂಶವನ್ನು ಮಹಿಳೆಯ ಒಪ್ಪಿಗೆಯಿಲ್ಲದೆ ನೆರೆಹೊರೆಯವರಿಗಾಗಲೀ ಬಂಧುಗಳಿಗಾಗಲೀ ತಿಳಿಸತಕ್ಕದ್ದಲ್ಲ.

"ಮನೆಯವರನ್ನು ಕೇಳಬೇಕು."

ತಪಾಸಣೆಗೆ ಪತಿಯ ಅಥವಾ ಅತ್ತೆಯ ಸಹಿ ಅಗತ್ಯವಿಲ್ಲ. ಮಹಿಳೆಯ ಸ್ವಂತ ಒಪ್ಪಿಗೆ ಸಾಕು. ಆದರೆ ಮನೆಯವರು ವಿಷಯವನ್ನು ತಿಳಿದುಕೊಂಡು ಪ್ರೋತ್ಸಾಹಿಸುವುದು ಹೆಚ್ಚು ಸಹಕಾರಿ. ಈ ಮಾಹಿತಿಯನ್ನು ಪುರುಷರೂ ಓದುವುದು ಉಪಯುಕ್ತ.

"ಕೂಲಿ ಬಿಟ್ಟು ಬರಲು ಆಗುವುದಿಲ್ಲ."

ದಿನಗೂಲಿ ಮಾಡುವ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ಮಹಿಳೆಯರಿಗೆ ಇದು ನಿಜವಾದ ಕಷ್ಟ. ಆದರೂ ಒಂದು ಲೆಕ್ಕವನ್ನು ಗಮನಿಸಬಹುದು. 30ನೇ ವಯಸ್ಸಿನಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಂಡರೆ ಒಟ್ಟು ಎಂಟು ಬಾರಿ ಆಗುತ್ತದೆ. ಪ್ರತಿ ಬಾರಿಗೆ ಅರ್ಧ ದಿನವೆಂದರೂ ಇಡೀ ಜೀವಮಾನದಲ್ಲಿ ನಾಲ್ಕು ದಿನಗಳ ಕೂಲಿ. ರೋಗವು ಮುಂದುವರಿದ ನಂತರ ಬೇಕಾಗುವ ವಿಕಿರಣ ಚಿಕಿತ್ಸೆಯೊಂದಕ್ಕೇ ಹಲವು ವಾರಗಳ ಕಾಲ ಊರು ಬಿಟ್ಟು ನಗರದ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ. ಜೊತೆಗೆ ಬರುವವರ ದುಡಿಮೆಯೂ ನಿಲ್ಲುತ್ತದೆ.

"ಏನಾದರೂ ಇದೆ ಎಂದುಬಿಟ್ಟರೆ?"

ಈ ಭಯದಿಂದಾಗಿ ತಪಾಸಣೆಗೇ ಬಾರದಿರುವವರಿದ್ದಾರೆ. ತಪಾಸಣೆ ಮಾಡಿಸಿಕೊಂಡು, 'ಪಾಸಿಟಿವ್' ಎಂದ ಮೇಲೆ ಮರಳಿ ಬಾರದಿರುವವರೂ ಇದ್ದಾರೆ. ಎರಡನೆಯದು ಹೆಚ್ಚು ಅಪಾಯಕಾರಿ. ಇದನ್ನು 7ನೇ ಕಂಡಿಕೆಯಲ್ಲಿ ವಿವರಿಸಲಾಗಿದೆ.

5. ಭಯದಿಂದ ಗರ್ಭಕೋಶ ತೆಗೆಸಿಕೊಳ್ಳುವುದರ ಬಗ್ಗೆ

ತಪಾಸಣೆಯನ್ನು ಅಲಕ್ಷಿಸುವುದು ಒಂದು ಕಡೆಯಾದರೆ, ಕ್ಯಾನ್ಸರ್‌ನ ಹೆಸರಿಗೆ ಹೆದರಿ ಗರ್ಭಕೋಶವನ್ನೇ ತೆಗೆಸಿಕೊಳ್ಳುವುದು ಇನ್ನೊಂದು ಕಡೆ. ಬಿಳಿ ಸೆರಗು, ಸೊಂಟನೋವು, ಮುಟ್ಟಿನ ಏರುಪೇರು ಇವು ಅನೇಕ ಕಾರಣಗಳಿಂದ ಉಂಟಾಗುತ್ತವೆ ಮತ್ತು ಬಹುತೇಕ ಔಷಧಗಳಿಂದ ಗುಣವಾಗುತ್ತವೆ. "ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂಬ ಮಾತನ್ನು ನಂಬಿ, ಯಾವುದೇ ತಪಾಸಣೆ ಇಲ್ಲದೆ ಚಿಕ್ಕ ವಯಸ್ಸಿನಲ್ಲಿಯೇ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಳ್ಳುವುದು ಸರಿಯಲ್ಲ. ಅಂಡಾಶಯಗಳನ್ನೂ ತೆಗೆದಲ್ಲಿ ಮೂಳೆ ಸವೆತ ಮತ್ತು ಹೃದಯದ ತೊಂದರೆಗಳ ಸಂಭವ ಹೆಚ್ಚುತ್ತದೆ. ಇಂತಹ ಸಲಹೆ ಬಂದಲ್ಲಿ ಮೊದಲು ತಪಾಸಣೆ ಮಾಡಿಸಿ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಎರಡನೇ ಅಭಿಪ್ರಾಯ ಪಡೆಯುವುದು ಸೂಕ್ತ.

6. ಸೇವೆಯನ್ನು ಪಡೆಯುವ ವಿಧಾನ

ಯಾರು ಅರ್ಹರು: 2016ರ ರಾಷ್ಟ್ರೀಯ ಮಾರ್ಗಸೂಚಿಯಂತೆ 30ರಿಂದ 65 ವರ್ಷ ವಯಸ್ಸಿನ ಮಹಿಳೆಯರು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಎಚ್.ಐ.ವಿ. ಸೋಂಕಿತ ಮಹಿಳೆಯರಿಗೆ ವಿಶ್ವ ಆರೋಗ್ಯ ಸಂಸ್ಥೆಯು 25ನೇ ವಯಸ್ಸಿನಿಂದಲೇ, ಕಡಿಮೆ ಅಂತರದಲ್ಲಿ ತಪಾಸಣೆ ಸೂಚಿಸಿರುವುದರಿಂದ ಅವರು ಎ.ಆರ್.ಟಿ. ಕೇಂದ್ರದ ವೈದ್ಯರನ್ನು ವಿಚಾರಿಸಬೇಕು.

ಎಲ್ಲಿ ವಿಚಾರಿಸಬೇಕು: ಮೊದಲಿಗೆ ಊರಿನ ಆಶಾ ಕಾರ್ಯಕರ್ತೆ ಅಥವಾ ಉಪಕೇಂದ್ರವನ್ನು ಸಂಪರ್ಕಿಸುವುದು. ತಪಾಸಣೆಯನ್ನು ತರಬೇತಿ ಹೊಂದಿದ ಸಿಬ್ಬಂದಿ ಇರುವ ಪ್ರಾಥಮಿಕ ಹಾಗೂ ಸಮುದಾಯ ಆರೋಗ್ಯ ಕೇಂದ್ರಗಳು, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ನಡೆಸಲಾಗುತ್ತದೆ. ನಿಗದಿತ ದಿನಗಳಲ್ಲಿ ಮಾತ್ರ ನಡೆಯುವ ಕೇಂದ್ರಗಳೂ ಇರುವುದರಿಂದ ಮುಂಚಿತವಾಗಿ ದಿನ ಕೇಳಿಕೊಂಡು ಹೋಗುವುದು ಒಳ್ಳೆಯದು.

ಅರ್ಜಿ ಮತ್ತು ದಾಖಲೆಗಳು: ಪ್ರತ್ಯೇಕ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. 30 ವರ್ಷ ಮೇಲ್ಪಟ್ಟವರ ವಿವರಗಳನ್ನು ಆಶಾ ಕಾರ್ಯಕರ್ತೆಯು ಮನೆಗೆ ಬಂದು ನಮೂನೆಯೊಂದರಲ್ಲಿ ದಾಖಲಿಸುತ್ತಾರೆ. ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ, ದುರ್ವಾಸನೆಯ ಸ್ರಾವ ಇದೆಯೇ ಎಂಬ ಪ್ರಶ್ನೆಗಳೂ ಅದರಲ್ಲಿರುತ್ತವೆ. ಇವುಗಳಿಗೆ ಸಂಕೋಚವಿಲ್ಲದೆ ಸರಿಯಾದ ಉತ್ತರ ನೀಡಬೇಕು. ಎಲ್ಲಕ್ಕೂ 'ಇಲ್ಲ' ಎಂದು ಉತ್ತರಿಸಿದವರಿಗೂ ತಪಾಸಣೆ ಅಗತ್ಯ. ಆಸ್ಪತ್ರೆಗೆ ಬರುವಾಗ ಗುರುತಿನ ಚೀಟಿ ಮತ್ತು ಮೊಬೈಲ್ ಸಂಖ್ಯೆ ಇದ್ದಲ್ಲಿ ಮುಂದಿನ ಸಂಪರ್ಕಕ್ಕೆ ಅನುಕೂಲ.

ಯಾವಾಗ ಬರಬಾರದು: ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯಾಗಿರುವಾಗ ಮತ್ತು ಹೆರಿಗೆಯಾದ ಮೂರು ತಿಂಗಳೊಳಗೆ ತಪಾಸಣೆಯನ್ನು ಮುಂದೂಡುವುದು ಸೂಕ್ತ. ಗರ್ಭಕೋಶ ತೆಗೆಸಿಕೊಂಡಿರುವವರು ಗರ್ಭಕೊರಳನ್ನೂ ತೆಗೆಯಲಾಗಿದೆಯೇ ಎಂಬುದನ್ನು ಹಳೆಯ ದಾಖಲೆ ತೋರಿಸಿ ವೈದ್ಯರಿಂದ ತಿಳಿದುಕೊಳ್ಳಬೇಕು.

ಯಾವಾಗ ಕಾಯಬಾರದು: ಸಂಭೋಗದ ನಂತರ ರಕ್ತಸ್ರಾವ, ಎರಡು ಮುಟ್ಟುಗಳ ನಡುವೆ ರಕ್ತಸ್ರಾವ, ಮುಟ್ಟು ನಿಂತು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸುವುದು, ದುರ್ವಾಸನೆಯಿಂದ ಕೂಡಿದ ಸ್ರಾವ, ಕಿಬ್ಬೊಟ್ಟೆಯಲ್ಲಿ ನಿರಂತರ ನೋವು ಇವುಗಳಲ್ಲಿ ಯಾವುದಿದ್ದರೂ ಶಿಬಿರಕ್ಕಾಗಲೀ ತಪಾಸಣೆಯ ದಿನಕ್ಕಾಗಲೀ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಮುಟ್ಟು ನಿಂತ ಮೇಲೆ ಕಾಣಿಸುವ ರಕ್ತವನ್ನು "ಮತ್ತೆ ಮುಟ್ಟಾದೆ" ಎಂದು ಕಡೆಗಣಿಸಬಾರದು.

7. ಫಲಿತಾಂಶದ ಅರ್ಥ ಮತ್ತು ಮುಂದಿನ ಕ್ರಮ

ನೆಗೆಟಿವ್ ಎಂದರೆ ಸದ್ಯಕ್ಕೆ ಸಂದೇಹಾಸ್ಪದವಾದುದು ಕಂಡುಬಂದಿಲ್ಲ ಎಂದರ್ಥ. ಇದು ಜೀವಮಾನದ ಭರವಸೆಯಲ್ಲ. ಐದು ವರ್ಷಗಳ ನಂತರ ಮತ್ತೆ ಬರಬೇಕು. ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಒಳಿತು.

ವಿ.ಐ.ಎ. ಪಾಸಿಟಿವ್ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ. ಸಾಮಾನ್ಯ ಸೋಂಕು ಅಥವಾ ಉರಿಯೂತದಿಂದಲೂ ಬಿಳಿ ಭಾಗ ಕಾಣಬಹುದು. ಪಾಸಿಟಿವ್ ಬಂದ ಬಹುಪಾಲು ಮಹಿಳೆಯರಲ್ಲಿ ಕ್ಯಾನ್ಸರ್ ಇರುವುದಿಲ್ಲ. ಖಚಿತಪಡಿಸಿಕೊಳ್ಳಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ, ಕಾಲ್ಪೊಸ್ಕೋಪ್ ಎಂಬ ಉಪಕರಣದಿಂದ ಗರ್ಭಕೊರಳನ್ನು ದೊಡ್ಡದಾಗಿ ನೋಡಲಾಗುತ್ತದೆ. ಅಗತ್ಯವಿದ್ದಲ್ಲಿ ಚಿಕ್ಕ ಚೂರನ್ನು ಬಯಾಪ್ಸಿಗೆ ತೆಗೆಯಲಾಗುತ್ತದೆ.

ಕ್ಯಾನ್ಸರ್‌ಪೂರ್ವ ಬದಲಾವಣೆ ಇದ್ದಲ್ಲಿ ಆ ಭಾಗವನ್ನು ಅತಿ ಶೀತದಿಂದ ಅಥವಾ ಶಾಖದಿಂದ ನಾಶಪಡಿಸಲಾಗುತ್ತದೆ, ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ತೆಗೆದುಹಾಕಲಾಗುತ್ತದೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹಿಂದಿರುಗಬಹುದು. ಗರ್ಭಕೋಶವನ್ನು ತೆಗೆಯಬೇಕಾಗಿಲ್ಲ.

ಊರಿನ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದ ಈ ಹಂತದಲ್ಲಿಯೇ ಅನೇಕರು ಹಿಂದೆ ಉಳಿಯುತ್ತಾರೆ. ನೋವಿಲ್ಲ, ಬಸ್ಸಿನ ಖರ್ಚು, ಬಿತ್ತನೆಯ ಸಮಯ, ಮನೆಯಲ್ಲಿ ಮದುವೆ ಎಂದು ತಿಂಗಳುಗಳು ಕಳೆಯುತ್ತವೆ. ತಪಾಸಣೆ ಮಾತ್ರ ಮಾಡಿಸಿಕೊಂಡು ಮುಂದಿನ ಪರೀಕ್ಷೆಗೆ ಹೋಗದಿದ್ದಲ್ಲಿ, ತಪಾಸಣೆ ಮಾಡಿಸಿಕೊಂಡದ್ದರಿಂದ ಯಾವ ಪ್ರಯೋಜನವೂ ಆಗುವುದಿಲ್ಲ. ಚೀಟಿಯಲ್ಲಿ ಬರೆದುಕೊಟ್ಟ ಆಸ್ಪತ್ರೆಗೆ ಆದಷ್ಟು ಬೇಗ ಹೋಗುವುದು, ಒಬ್ಬರೇ ಹೋಗಲು ಕಷ್ಟವಾದಲ್ಲಿ ಆಶಾ ಕಾರ್ಯಕರ್ತೆಯ ನೆರವು ಕೇಳುವುದು ಅತ್ಯಗತ್ಯ.

8. ಚಿಕಿತ್ಸೆಗೆ ನೆರವು

ಕ್ಯಾನ್ಸರ್ ದೃಢಪಟ್ಟಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಮೊದಲಾದ ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಲಭ್ಯವಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆಗೆ ಹಾಗೂ ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ವಾರ್ಷಿಕ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲು ಅವಕಾಶ ಕಲ್ಪಿಸಲಾಗಿದೆ. ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ ಸಿದ್ಧವಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯುವುದನ್ನು ಮರೆಯಬಾರದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮುಟ್ಟು ನಿಂತಿದೆ. ಇನ್ನು ತಪಾಸಣೆ ಬೇಕೇ?
ಉತ್ತರ: ಬೇಕು. ಮುಟ್ಟು ನಿಂತ ನಂತರ ನೋಡಬೇಕಾದ ಭಾಗವು ಒಳಕ್ಕೆ ಸರಿಯುವುದರಿಂದ ವಿ.ಐ.ಎ. ಸಾಲದಿರಬಹುದು. ವೈದ್ಯರು ಪ್ಯಾಪ್ ಅಥವಾ ಎಚ್.ಪಿ.ವಿ. ಪರೀಕ್ಷೆ ಸೂಚಿಸಬಹುದು.

ಪ್ರಶ್ನೆ: ಪತಿ ತೀರಿಕೊಂಡು ಹತ್ತು ವರ್ಷವಾಯಿತು. ತಪಾಸಣೆ ಏಕೆ?
ಉತ್ತರ: ಬಹಳ ಹಿಂದೆ ತಗಲಿದ ಸೋಂಕಿನ ಪರಿಣಾಮವು ಈಗ ಕಾಣಿಸಬಹುದು. ಒಂಟಿ ಮಹಿಳೆಯರೂ ತಪಾಸಣೆ ಮಾಡಿಸಿಕೊಳ್ಳಬೇಕು.

ಪ್ರಶ್ನೆ: ಲಸಿಕೆ ಇದೆಯಲ್ಲವೇ?
ಉತ್ತರ: ಇದೆ. ಭಾರತದಲ್ಲಿಯೇ ತಯಾರಾದ ಎಚ್.ಪಿ.ವಿ. ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ನೀಡಿದಲ್ಲಿ ಹೆಚ್ಚು ಪರಿಣಾಮಕಾರಿ. ಈಗಾಗಲೇ ತಗಲಿರುವ ಸೋಂಕನ್ನು ಲಸಿಕೆ ಗುಣಪಡಿಸುವುದಿಲ್ಲ. ಆದ್ದರಿಂದ ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ ಎರಡೂ ಬೇಕು. ಲಸಿಕೆ ಪಡೆದವರೂ 30 ವರ್ಷವಾದ ಮೇಲೆ ತಪಾಸಣೆ ಮಾಡಿಸಿಕೊಳ್ಳಬೇಕು.

ಪ್ರಶ್ನೆ: ಈ ರೋಗ ಇರುವವರನ್ನು ಮುಟ್ಟಿದರೆ, ಜೊತೆಯಲ್ಲಿ ಊಟ ಮಾಡಿದರೆ ಹರಡುತ್ತದೆಯೇ?
ಉತ್ತರ: ಇಲ್ಲ. ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯನ್ನು ದೂರವಿಡುವುದು ಅನ್ಯಾಯ.

10. ಕೊನೆಯ ಮಾತು

ಹಬ್ಬಕ್ಕೆ ಮನೆ ತೊಳೆಯುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಮನೆಯವರ ಮಾತ್ರೆ ಮುಗಿಯುವ ಮೊದಲೇ ತರಿಸಿಡುವುದು ಇವೆಲ್ಲವನ್ನೂ ಮಹಿಳೆಯರು ಯಾರೂ ಹೇಳದೆಯೇ ನೆನಪಿಟ್ಟು ಮಾಡುತ್ತಾರೆ. ತಮ್ಮ ಸ್ವಂತ ಆರೋಗ್ಯದ ಸರದಿ ಬಂದಾಗ ಮಾತ್ರ ಮುಂದಿನ ತಿಂಗಳು ನೋಡೋಣ ಎನ್ನುವುದು ರೂಢಿಯಾಗಿದೆ. 30 ವರ್ಷ ಪೂರೈಸಿದ ಪ್ರತಿಯೊಬ್ಬ ಮಹಿಳೆಯೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತಪಾಸಣೆಯ ದಿನವನ್ನು ವಿಚಾರಿಸಿ, ತಾನೂ ಹೋಗಿ, ಓರಗಿತ್ತಿಯನ್ನೋ ನೆರೆಮನೆಯವರನ್ನೋ ಜೊತೆಗೆ ಕರೆದೊಯ್ದು, ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.